ತಿರುಮಲಾಂಬಾ ಅವರ ಹೆಸರಿನ ಫಲಕವನ್ನು ಹಾಸನದಲ್ಲಿ ಹಾಕಬಹುದೇ?

ಪ್ರಶ್ನೆ: ಹಾಸನದಲ್ಲಿ ನಾವು ಹತ್ತು ಹನ್ನೆರಡು ಮಂದಿ ಮಹಿಳೆಯರು ತಿಂಗಳಿಗೊಮ್ಮೆ ಗೆಳತಿಯೊಬ್ಬರ ಮನೆಯಲ್ಲಿ ಸೇರಿ ಹಳೆಯ ಲೇಖಕಿಯರ ಪುಸ್ತಕಗಳನ್ನು ಓದುತ್ತೇವೆ. ಈ ವರ್ಷ ನಂಜನಗೂಡು ತಿರುಮಲಾಂಬಾ ಅವರನ್ನು ಓದಿದೆವು. ಆ ಮನೆಯ ಹೊರಗೋಡೆಗೆ ‘19ನೆಯ ಶತಮಾನದ ಮಹಾನ್ ಕವಯಿತ್ರಿ, ಕನ್ನಡದ ಪ್ರಪ್ರಥಮ ಕಾದಂಬರಿಗಾರ್ತಿ ಮತ್ತು ಪತ್ರಕರ್ತೆ’ ಎಂದು ಕಲ್ಲಿನ ಫಲಕ ಹಾಕಿಸುವ ಆಸೆಯಿದೆ. ಅವರು ನಮ್ಮ ಊರಿನವರಲ್ಲವೆಂಬ ಆಕ್ಷೇಪವೂ ಬಂದಿದೆ. ತಮ್ಮ ಸಲಹೆಯೇನು?
– ಓದುಗರೊಬ್ಬರು, ಹಾಸನ

ಉತ್ತರ: ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಫಲಕವನ್ನೇ ಕೈಬಿಡುವಷ್ಟು ದೊಡ್ಡದಲ್ಲ. ಗೋಡೆಯ ಮೇಲೆ ಒಬ್ಬರ ಹೆಸರು ಕಂಡಾಗ ಅವರು ಈ ಮನೆಯಲ್ಲಿ ಬಾಳಿದವರೆಂದೇ ದಾರಿಹೋಕರು ತಿಳಿಯುತ್ತಾರೆ. ಆದ್ದರಿಂದ ಅವರು ನಂಜನಗೂಡಿನವರು, ಈ ಮನೆಯಲ್ಲಿ ಅವರ ಕೃತಿಗಳನ್ನು ಓದಲಾಯಿತು ಎಂಬುದನ್ನು ಕಲ್ಲೇ ಹೇಳಬೇಕು.

ನೀವು ಬರೆದಿರುವ ಒಕ್ಕಣೆಯನ್ನು ಮಾತ್ರ ಬದಲಿಸಲೇಬೇಕು. ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ, ತೀರಿಕೊಂಡದ್ದು 1982ರಲ್ಲಿ. ಹುಟ್ಟು 19ನೆಯ ಶತಮಾನದ್ದಾದರೂ ಬರವಣಿಗೆಯೆಲ್ಲ 20ನೆಯ ಶತಮಾನದ್ದು. ಅವರನ್ನು ಕವಯಿತ್ರಿ ಎನ್ನುವುದಕ್ಕಿಂತ ಕಾದಂಬರಿಗಾರ್ತಿ, ಪ್ರಕಾಶಕಿ, ಸಂಪಾದಕಿ ಎನ್ನುವುದು ಹೆಚ್ಚು ಸರಿ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತವರಿನಲ್ಲಿ ಓದಿ ಬೆಳೆದ ಆ ಹೆಣ್ಣುಮಗಳು 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಓದುಗರಿಗೆ ಮುಟ್ಟಿಸುವುದು, ಈ ಮೂರನ್ನೂ ಒಬ್ಬರೇ ಹೊತ್ತದ್ದು ನನ್ನ ದೃಷ್ಟಿಯಲ್ಲಿ ಯಾವ ಬಿರುದಿಗಿಂತಲೂ ದೊಡ್ಡದು.

‘ಪ್ರಪ್ರಥಮ’ ಎಂಬ ಮಾತಂತೂ ಬೇಡ. ಶಾಂತಾಬಾಯಿ ನೀಲಗಾರ ಅವರ ‘ಸದ್ಗುಣಿ ಕೃಷ್ಣಾಬಾಯಿ’ 1908ರಲ್ಲಿಯೇ ಬಂದಿತ್ತು. ಕಾಗದದ ಮೇಲಿನ ತಪ್ಪನ್ನು ಮರುಮುದ್ರಣದಲ್ಲಿ ತಿದ್ದಬಹುದು, ಕಲ್ಲಿನದನ್ನು ತಿದ್ದುವುದು ಹೇಗೆ?

ನಿಮ್ಮ ಜಿಲ್ಲೆಯವರಿಗೆ ಕಲ್ಲಿನ ಬರಹದ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿಯೂ ಹೊಗಳಿಕೆಯ ವಿಶೇಷಣಗಳು ಬೇಕಾದಷ್ಟಿವೆ. ಆದರೆ ವಿದ್ವಾಂಸರು ಅದರಲ್ಲಿ ಹುಡುಕಿ ಓದುವುದು ದತ್ತಿಯಾದ ಊರುಗಳ ಮತ್ತು ಸಂಬಂಧಪಟ್ಟವರ ಹೆಸರುಗಳನ್ನು. ಅದರ ಮೂಲ ಕಲ್ಲು ಊರಿನಲ್ಲಿ ಉಳಿಯಲಿಲ್ಲ, ಅಲ್ಲಿರುವುದು ಪ್ರತಿಕೃತಿ. ನಿಮ್ಮ ಕಲ್ಲೂ ಮುಂದೊಂದು ದಿನ ಗೋಡೆ ಬಿಟ್ಟು ಬೇರೆಡೆಗೆ ಹೋಗಬಹುದಾದ್ದರಿಂದ ಊರು, ಬೀದಿ, ಇಸವಿ ಅದರ ಮೇಲೆಯೇ ಇರಲಿ.

ಒಕ್ಕಣೆ ಹೀಗಿರಬಹುದು: ‘ನಂಜನಗೂಡು ತಿರುಮಲಾಂಬಾ, 1887–1982. ಕಾದಂಬರಿಗಾರ್ತಿ, ಪ್ರಕಾಶಕಿ, ಸಂಪಾದಕಿ. ಅವರ ಕೃತಿಗಳನ್ನು ಹಾಸನದ ಈ ಮನೆಯಲ್ಲಿ ಕೂಡಿ ಓದಿದವರು ಹಾಕಿಸಿದ ಕಲ್ಲು.’ ಇದರ ಕೆಳಗೆ ಬೀದಿಯ ಹೆಸರು ಮತ್ತು ಹಾಕಿಸಿದ ಇಸವಿ ಬರಲಿ. ಮನೆಯ ಒಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಲೇಖಕಿಯ ಹೆಸರನ್ನು ‘ತಿರುಮಲಾಂಬ’ ಎಂದೂ ಬರೆಯುವುದುಂಟು. ಎರಡರಲ್ಲಿ ಒಂದನ್ನು ಆರಿಸಿ, ಕಲ್ಲುಕುಟಿಗರಿಗೆ ಕೊಡುವ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ.