ಓದುಗರ ಪ್ರಶ್ನೆ: ಪಂಚಾಯತಿ ಚುನಾವಣೆಯಲ್ಲಿ ಮೊದಲ ಸಲ ಮತಗಟ್ಟೆ ಕರ್ತವ್ಯ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗ್ರಾಮ ಪಂಚಾಯತಿ ಚುನಾವಣೆಗೆ ಮತಗಟ್ಟೆ ಅಧಿಕಾರಿಯಾಗಿ ಮೊದಲ ಬಾರಿ ಆದೇಶ ಬಂದಿದೆ. ವಿಧಾನಸಭೆ ಚುನಾವಣೆಗಿಂತ ಹಳ್ಳಿಯ ಚುನಾವಣೆಯೇ ಕಷ್ಟ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಅವರ ಮಾತಿನಲ್ಲಿ ನಿಜವಿದೆ. ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಕಣದಲ್ಲಿರುವವರು ಒಂದೇ ಓಣಿಯವರು, ಎಷ್ಟೋ ಸಲ ಒಂದೇ ಮನೆತನದವರು. ಗೆಲುವಿನ ಅಂತರ ಒಂದೆರಡು ಮತಗಳಿಗೆ ಇಳಿಯುವುದುಂಟು, ಸಮವಾದರೆ ಚೀಟಿ ಎತ್ತಿ ತೀರ್ಮಾನಿಸುವುದೂ ಉಂಟು. ಹೀಗಾಗಿ ನಿಮ್ಮ ಕೈದಾಟಿ ಹೋಗುವ ಒಂದೊಂದು ಮತಪತ್ರಕ್ಕೂ ಅಲ್ಲಿ ಬಹಳ ತೂಕವಿದೆ.

2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯಲ್ಲಿ ಬೀದರ್ ಜಿಲ್ಲೆಯನ್ನು ಬಿಟ್ಟರೆ ಉಳಿದೆಡೆ ಬಳಕೆಯಾದದ್ದು ಮತಪತ್ರ ಮತ್ತು ಮತಪೆಟ್ಟಿಗೆ. ನಿಮಗೂ ಮತಪತ್ರವೇ ಬಂದರೆ, ಅದರ ಹಿಂಬದಿಯಲ್ಲಿ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯ ಸಹಿ ಇದೆಯೇ ಎಂದು ನೋಡಿಯೇ ಕೊಡಿ. ಕೊಡುವಾಗ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ, ಬಿಡಿಸಿ ಕೊಡಿ. ಹಾಗೆ ಗೆರೆ ಮೂಡಿದ ಮತಪತ್ರವನ್ನು ಮತದಾರರು ಅದೇ ಗೆರೆಯಲ್ಲಿ ಮಡಿಸುತ್ತಾರೆ. ಅಡ್ಡಕ್ಕೇ ಮೊದಲು ಮಡಿಸಿದರೆ ಮೊಹರಿನ ಹಸಿ ಮಸಿ ಬೇರೊಬ್ಬ ಅಭ್ಯರ್ಥಿಯ ಸಾಲಿಗೆ ತಾಗುತ್ತದೆ, ಉದ್ದಕ್ಕೆ ಮಡಿಸಿದರೆ ಅದೇ ಸಾಲಿನಲ್ಲಿ ಉಳಿಯುತ್ತದೆ. ಎಣಿಕೆಯ ಮೇಜಿನ ಮೇಲೆ ಎದ್ದ ಎಷ್ಟೋ ಜಗಳಗಳ ಮೂಲ ಈ ಮಡಿಕೆಯೇ ಎಂದು ನಾನು ನಂಬಿದ್ದೇನೆ.

ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳೋ ಅಷ್ಟು ಮತ ಹಾಕಬಹುದು, ಆದರೆ ಒಬ್ಬರಿಗೆ ಒಂದೇ ಮತ. ಇದನ್ನು ವಯಸ್ಸಾದವರಿಗೆ ಸಮಾಧಾನದಿಂದ ತಿಳಿಸಿ. ಯಾರ ಹೆಸರನ್ನೂ, ಯಾವ ಚಿಹ್ನೆಯನ್ನೂ ಉದಾಹರಣೆಗೆಂದು ಕೂಡ ಬೆರಳಿಟ್ಟು ತೋರಿಸಬೇಡಿ.

ಆರೋಗ್ಯದ ತೊಂದರೆಯಿದ್ದರೆ ದಾಖಲೆಯೊಂದಿಗೆ ಮೊದಲೇ ವಿನಾಯಿತಿ ಕೋರಿ. ಮಸ್ಟರಿಂಗ್ ದಿನ, ಅಂದರೆ ಸಿಬ್ಬಂದಿ ಸಾಮಗ್ರಿ ಪಡೆದು ಮತಗಟ್ಟೆಗೆ ಹೊರಡುವ ದಿನ, ಸುಮ್ಮನೆ ಗೈರಾಗಬೇಡಿ.

ಪ್ರಶ್ನೆ: ಅಜ್ಜಿಯ ಜೊತೆ ಮೊಮ್ಮಗ ಒಳಗೆ ಬಂದು ತಾನೇ ಮೊಹರು ಹಾಕುತ್ತೇನೆಂದರೆ ಏನು ಮಾಡಬೇಕು?
– ಮತ್ತೊಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಅಜ್ಜಿಯನ್ನೇ ಮಾತನಾಡಿಸಿ. ಕಣ್ಣು ಕಾಣದವರು ಅಥವಾ ಮೊಹರು ಒತ್ತಲಾಗದಷ್ಟು ಅಶಕ್ತರು ವಯಸ್ಕ ಜೊತೆಗಾರರ ನೆರವು ಪಡೆಯಬಹುದು. ಓದು ಬಾರದು ಎಂಬುದಷ್ಟೇ ಅದಕ್ಕೆ ಕಾರಣವಾಗದು, ಚಿಹ್ನೆಗಳಿರುವುದೇ ಓದು ಬಾರದವರಿಗಾಗಿ. ಒಬ್ಬ ಜೊತೆಗಾರ ಒಬ್ಬ ಮತದಾರರಿಗಷ್ಟೇ ನೆರವಾಗಬಹುದು, ಮತವನ್ನು ಗುಟ್ಟಾಗಿಡುವುದಾಗಿ ಅವನು ಘೋಷಣೆ ಬರೆದುಕೊಡಬೇಕು. ಆ ನಮೂನೆಯನ್ನು ಆಗಲೇ, ಅಭ್ಯರ್ಥಿಗಳ ಏಜೆಂಟರ ಎದುರಿಗೇ ತುಂಬಿಸಿ. ಬೆಳಿಗ್ಗೆ ಒಬ್ಬರನ್ನು ಕರೆತಂದ ಯುವಕನೇ ಮಧ್ಯಾಹ್ನ ಇನ್ನೊಬ್ಬರ ಕೈಹಿಡಿದು ಬಂದಾಗ, ಆ ಕಾಗದವನ್ನು ತೆಗೆದು ತೋರಿಸಿದರೆ ನೀವು ದನಿ ಎತ್ತಬೇಕಾಗುವುದಿಲ್ಲ.