ಜೀವ ಮುಖ್ಯವೋ, ದುಡಿಮೆ ಮುಖ್ಯವೋ? ಲಾಕ್‌ಡೌನ್ ಮಾಡಿದ್ದು ಸರಿಯೇ?

ಎರಡರಲ್ಲಿ ಒಂದನ್ನು ಆರಿಸಿ ಎನ್ನುತ್ತೀರಿ. 2020ರ ಕೋವಿಡ್ ಕಾಲದಲ್ಲಿ ನನ್ನನ್ನೂ ಕಾಡಿದ ಪ್ರಶ್ನೆಯಿದು. ಈಗ ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಾಗಿಲು ಮುಚ್ಚಿದ್ದು ತಪ್ಪಲ್ಲ, ಕೈಗೆ ದುಡ್ಡು ತಲುಪಿಸದೆ ಮುಚ್ಚಿದ್ದು ತಪ್ಪು.

ಹೂವಿನ ಬೆಳೆಗಾರರನ್ನೇ ನೋಡಿ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ಜಾರಿ, ಬೆಳಗಾದರೆ ಯುಗಾದಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಬ್ಬದ ದರ ನೋಡಿಕೊಂಡೇ ತಿಂಗಳುಗಳ ಮೊದಲು ಸೇವಂತಿಗೆ ನಾಟಿ ಮಾಡಿರುತ್ತಾರೆ. ದೇವಸ್ಥಾನ, ಮದುವೆ, ಮಾರುಕಟ್ಟೆ ಎಲ್ಲವೂ ಬಂದ್. ಹಾಗೆಂದು ಹೂವನ್ನು ಗಿಡದಲ್ಲೇ ಬಿಡುವಂತಿಲ್ಲ. ಬಲಿತದ್ದು ಕೊಳೆತು ರೋಗ ಹತ್ತುತ್ತದೆ, ಮುಂದಿನ ಮೊಗ್ಗು ಸೊರಗುತ್ತದೆ. ಕೂಲಿ ಕೊಟ್ಟು ಬಿಡಿಸಿ ತಿಪ್ಪೆಗೆ ಸುರಿಯಬೇಕು. ಆದಾಯ ನಿಂತ ಮೇಲೂ ಖರ್ಚು ನಿಲ್ಲುವುದಿಲ್ಲ.

ರಾಜ್ಯದ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಣೆಯಾದದ್ದು ಮೇ 6ರಂದು, ಆರು ವಾರ ಕಳೆದ ಮೇಲೆ! ಹೂವಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರ್ ಮಿತಿಯೊಳಗೆ. ಎಕರೆಗೆ ಸುಮಾರು ಹತ್ತು ಸಾವಿರ ಬಿತ್ತು. ಆಟೊ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ 5,000. ಕಳೆದ ದಿನಗಳಿಗೆ ಹಂಚಿದರೆ ದಿನಕ್ಕೆ 120 ರೂಪಾಯಿಯೂ ಆಗದು.

ಇಷ್ಟು ತಡವಾದದ್ದಕ್ಕೆ ಕಾರಣ ಬೊಕ್ಕಸವೊಂದೇ ಅಲ್ಲ, ಯಾವ ಕಸುಬಿನವರು ಯಾರು ಎಂಬ ಪಟ್ಟಿ ಇರಲಿಲ್ಲ. ಈ ಅಂಶವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕಟ್ಟಡ ಕಾರ್ಮಿಕರಿಗೆ ಆಗ 1996ರ ಕಾಯ್ದೆಯಡಿ ಕಲ್ಯಾಣ ಮಂಡಳಿ ಇತ್ತು. ಕಾಮಗಾರಿ ವೆಚ್ಚದ ಮೇಲೆ ವಸೂಲಾಗುತ್ತಿದ್ದ ಶೇ 1ರ ಸೆಸ್ ಅಲ್ಲಿ ಜಮಾ ಆಗಿತ್ತು, ನೋಂದಾಯಿತರ ಹೆಸರೂ ಇತ್ತು. ಅದಕ್ಕೇ ಮೇ ಪ್ಯಾಕೇಜಿಗಿಂತ ಮೊದಲೇ ಅವರಲ್ಲಿ ಬಹುಪಾಲು ಜನರ ಖಾತೆಗೆ 2,000 ಹೋಗಿತ್ತು. ಚಾಲಕರಾದರೋ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು: ಲೈಸೆನ್ಸ್, ಗಾಡಿ ನಂಬರ್, ಆಧಾರ್. ಊರೇ ಮುಚ್ಚಿರುವಾಗ ಸೈಬರ್ ಸೆಂಟರ್ ಎಲ್ಲಿ ಹುಡುಕುವುದು? ಇನ್ನು ಗುತ್ತಿಗೆಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲೇ ಇರುವುದಿಲ್ಲ. ಪಹಣಿ ನೋಡಿ ಕೊಡುವ ಪರಿಹಾರ ಜಮೀನಿನ ಒಡೆಯನಿಗೆ ಹೋಗುತ್ತದೆ.

ಮುಚ್ಚಲೇಬಾರದಿತ್ತು ಎನ್ನುವವರ ಜೊತೆಗೂ ನಾನಿಲ್ಲ. ಸೋಂಕು ಮೂರು ದಿನಕ್ಕೊಮ್ಮೆ ದುಪ್ಪಟ್ಟಾದರೆ 21 ದಿನಕ್ಕೆ 128 ಪಟ್ಟಾಗುತ್ತದೆ. ಆದರೆ ಲಾಕ್‌ಡೌನ್ ಕೊಡುವುದು ಸಮಯ ಮಾತ್ರ. ಹಾಸಿಗೆ, ಸಿಬ್ಬಂದಿ, ಆಮ್ಲಜನಕ ಹೊಂದಿಸಿಕೊಳ್ಳುವ ಕೆಲಸ ಸರ್ಕಾರದ್ದು. ಹೂವಿನವರು, ಆಟೊದವರು ತಮ್ಮ ಅನ್ನ ಬಿಟ್ಟು ಕೊಟ್ಟ ಸಮಯವದು. 2021ರ ಮೇ 2-3ರಂದು ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ದೃಢಪಡಿಸಿತು. ಒಂದು ವರ್ಷದ ಸಮಯ ಹಾಗೆ ಹೋಯಿತು.

ಪರಿಹಾರದಲ್ಲೂ ಪಾಠ ಕಲಿಯಲಿಲ್ಲ. ಏಪ್ರಿಲ್ 27ರಂದು ಮತ್ತೆ ಮುಚ್ಚಿದರು, ಪ್ಯಾಕೇಜ್ ಬಂದದ್ದು ಮೇ 19ಕ್ಕೆ. ಹೂವಿಗೆ 10,000, ಚಾಲಕರಿಗೆ 3,000. ಮತ್ತೆ ಅರ್ಜಿ.

ಮುನ್ಸೂಚನೆ ಕೊಟ್ಟರೆ ಬಸ್ ನಿಲ್ದಾಣ ತುಂಬುತ್ತದೆ ಎನ್ನುತ್ತಾರೆ. ಕೊಡದೆಯೂ ಊರಿಗೆ ಹೊರಟ ಕಾರ್ಮಿಕರಿಂದ ದೆಹಲಿಯ ಆನಂದ್ ವಿಹಾರ್ ಬಸ್ ನಿಲ್ದಾಣ ತುಂಬಿತಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಬಿಪಿಎಲ್ ಕಾರ್ಡಿನ ಪಟ್ಟಿ ಕೈಯಲ್ಲೇ ಇದೆ, ಘೋಷಣೆಯ ದಿನವೇ ಅದರ ಮೇಲೆ ಮೊದಲ ಕಂತು ಹೋಗಲಿ. ಪರಿಶೀಲನೆ ಆಮೇಲೆ ನಡೆಯಲಿ, ಅನರ್ಹರಿಗೆ ಹೋದದ್ದನ್ನು ಮುಂದಿನ ಕಂತಿನಲ್ಲಿ ಸರಿಪಡಿಸಬಹುದು. ಗುತ್ತಿಗೆಗೆ ಹೊಲ ಮಾಡುವವರು, ಬಾಡಿಗೆ ಆಟೊ ಓಡಿಸುವವರು, ಬೀದಿ ವ್ಯಾಪಾರಿಗಳ ನೋಂದಣಿ ರೋಗವಿಲ್ಲದ ಈ ದಿನಗಳಲ್ಲೇ ವಾರ್ಡು, ಪಂಚಾಯಿತಿ ಮಟ್ಟದಲ್ಲಿ ಮುಗಿಯಲಿ. ನಿಮ್ಮ ಗ್ರಾಮಸಭೆಯಲ್ಲಿ ಇದನ್ನು ಕೇಳಿ.