ಅಂಗನವಾಡಿಯ 3-4 ವರ್ಷದ ಮಕ್ಕಳಿಗೆ ಅಕ್ಷರ ತಿದ್ದಿಸುವ ಮೊದಲು ಎಂಥ ಗೀಚುವ ಆಟ ಆಡಿಸಬಹುದು?

ಈ ವಯಸ್ಸಿಗೆ ಪೆನ್ಸಿಲ್ ಕೊಟ್ಟು ‘ಅ’ ತಿದ್ದಿಸಲು ಹೊರಡಬೇಡಿ. ಮಣಿಕಟ್ಟಿನ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ, ಬೆರಳಿಗೆ ಅಷ್ಟು ಹಿಡಿತ ಇರುವುದಿಲ್ಲ. ಮಗು ಮೊದಲು ಇಡೀ ತೋಳಾಡಿಸಿ ಗೀಚುತ್ತದೆ. ಸಣ್ಣ ಗೆರೆ ಆಮೇಲೆ ಬರುತ್ತದೆ. ಹಾಗಾಗಿ ಜಾಗ ದೊಡ್ಡದಿರಲಿ, ಸಾಮಾನು ದಪ್ಪಗಿರಲಿ.

ಅಂಗಳದಲ್ಲಿ ಒಂದು ಬಕೆಟ್ ನೀರು, ಗೋಡೆಗೆ ಬಣ್ಣ ಬಳಿಯುವ ಹೊಸ ಬ್ರಷ್ ಇಡಿ. ನೆಲದ ಮೇಲೆ ಬರೆದದ್ದು ಬಿಸಿಲಿಗೆ ಒಣಗುತ್ತದೆ, ಮತ್ತೆ ಬರೆಯಬಹುದು. ತಪ್ಪಾಯ್ತು ಅನ್ನೋ ಭಯವೇ ಇಲ್ಲ. ಒಳಗಾದರೆ ತಟ್ಟೆಯಲ್ಲಿ ತೆಳುವಾಗಿ ರವೆ ಹರಡಿ, ಬೆರಳಾಡಿಸಲು ಬಿಡಿ. ರಂಗೋಲಿಗೆ ಅಕ್ಕಿ ಹಿಟ್ಟೇ ಸಾಕು, ಕಲ್ಲಿನ ಪುಡಿ ಬೇಡ.

ನನಗೆ ತುಂಬಾ ಇಷ್ಟ ಅರಿಸಿನದ ಆಟ. ಕಾಗದಕ್ಕೆ ಅರಿಸಿನ ನೀರು ಬಳಿದು ಒಣಗಿಸಿ. ಮೈಸೋಪು ಕರಗಿಸಿದ ನೀರಿನಲ್ಲಿ ಹತ್ತಿ ಅದ್ದಿ ಮಕ್ಕಳು ಗೀಚಿದರೆ, ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ! ಸೋಪಿನ ಕ್ಷಾರ ಅರಿಸಿನದ ಬಣ್ಣ ಬದಲಿಸುತ್ತದೆ. ಆರತಿ ತಟ್ಟೆಯಲ್ಲಿ ಅರಿಸಿನ, ಸುಣ್ಣ ಸೇರಿ ಕೆಂಪಾಗೋದೂ ಹೀಗೇ ಅಲ್ವಾ? ಆದರೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ತುಂಬಾ ಅಪಾಯ.

ಬೆಂಡೆಕಾಯಿ ಅಚ್ಚು, ಇದ್ದಿಲು, ಇಟ್ಟಿಗೆ ಚೂರು ಕೂಡ ನಡೆಯುತ್ತದೆ. ನೀವೇ ಮಾವಿನಹಣ್ಣು ಬರೆದು ಬಣ್ಣ ತುಂಬಿಸಲು ಮಾತ್ರ ಹೇಳಬೇಡಿ. ‘ಇದೇನು?’ ಅನ್ನುವ ಬದಲು ‘ಇದರ ಕಥೆ ಹೇಳು ಪುಟ್ಟಾ’ ಅನ್ನಿ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಚಿತ್ರದ ಕೆಳಗೆ ಬರೆದು, ತಾರೀಕು ಹಾಕಿಡಿ.